ಅರ್ಧ ಮಾತ್ರೆ

ಬಾಕಿ ಸಾವಿರದ ಎಂಟುನೂರ ಎಪ್ಪತ್ತು.
ಖಾತೆಪುಸ್ತಕದ ಆ ಪುಟದ ಮೂಲೆಯನ್ನು ಇಲಿ ತಿಂದಿದೆ,
ಹೆಸರು ಉಳಿದಿದೆ: ಗುಂಡುಕಲ್ಲು.
ರಾಕ್ ಅಂದ್ರೆ ಬಂಡೆ ಅಲ್ಲೇನ್ರೀ ಅಂತ
ತಿಪ್ಪೇಶ ಇಟ್ಟದ್ದು. ಇಂಜಿನಿಯರಿಂಗ್ ಕಾಲೇಜಿನ ಬೇಸ್ ಗಿಟಾರು,
ನಾಲ್ಕು ತಂತಿ, ಏಳು ಸಬ್ಜೆಕ್ಟ್ ಬಾಕಿ.

ಚರ್ಚಿನ ತಂಡ ಬಿಟ್ಟು ಸ್ಯಾಮ್ಸನ್ ಬಂದ,
ತಂತಿ ಕಿತ್ತರೆ ಸೈಕಲ್ ಬ್ರೇಕಿನ ಎಳೆ ಬಿಚ್ಚಿ ಕಟ್ಟುತ್ತಿದ್ದವನು.
ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾದಿಂದ ಓಬಳೇಶ:
ಗಂಡಿನ ದನಿ, ಹೆಣ್ಣಿನ ದನಿ ಎರಡನ್ನೂ ತಾನೇ ಹಾಡಿ
ಎರಡು ಪಗಾರ ಕೇಳುತ್ತಿದ್ದ.
ಮದುವೆ ಬ್ಯಾಂಡಿನ ದಾದಾಪೀರ್ ಮೊದಲ ದಿನ
ಕೆಂಪು ಕೋಟನ್ನೂ ಬಿಚ್ಚದೆ ಡ್ರಮ್ಮಿನ ಹಿಂದೆ ಕೂತ.
ಹುಲಿ ಕಳೆದುಕೊಂಡ ನಾಲ್ಕೂ ತಂಡದವರು
ಅದೇ ವಾರ ನನ್ನ ಅಂಗಡಿ ಮುಂದೆ ನಿಂತು ಬೈದರು,
ನೀನೇ ಸೇರಿಸಿದ್ದು ಅಂತ.
ನಾನು ಮೈಕ್‌ಸೆಟ್‌ನವ. ಸೇರಿಸಿದ್ದು ವೈರು ಮಾತ್ರ.

ಮುಚ್ಚಿದ ಹತ್ತಿ ಮಿಲ್ಲಿನ ಮಗ್ಗದ ಶೆಡ್ಡು.
ದಾದಾಪೀರನ ಮೊದಲ ಪೆಟ್ಟಿಗೆ
ತೊಲೆ ಮೇಲಿನ ಹಳೇ ಹತ್ತಿಯೆಲ್ಲ ಉದುರಿ
ನಾಲ್ವರ ತಲೆಯೂ ಒಮ್ಮೆಗೇ ನರೆಯಿತು.
ವಾಚ್‌ಮನ್ ಮುದುಕ, ಅದೇ ಶೆಡ್ಡಿನಲ್ಲಿ ಕಿವಿ ಕಳಕೊಂಡವನು,
ಬಾಗಿಲಲ್ಲಿ ನಿಂತು ಅಂದ:
"ನಲವತ್ತು ಮಗ್ಗದ ಮುಂದೆ ಇದೇನೂ ಇಲ್ಲ,
ಇನ್ನೂ ಜೋರಾಗಿ ಬಾರಿಸ್ರಿ."

ಬಾರಿಸಿದರು.
ಹರಿಹರ, ರಾಣೆಬೆನ್ನೂರು, ಜಗಳೂರು, ಮತ್ತೆ ಹರಿಹರ.
ಮಲೇಬೆನ್ನೂರಲ್ಲಿ ಟ್ಯೂಬ್‌ಲೈಟ್ ಒಡೆಯಿತು,
ಅದನ್ನೂ ಜನ ಹಾಡಿನದೇ ಅಂದುಕೊಂಡರು.
ಸಲೂನಿನಲ್ಲಿ ಹುಡುಗರು ಸ್ಯಾಮ್ಸನ್ನನ ಕೂದಲು ಕೇಳಿದರು.
ಆಟ ಶುರುವಾಗುವ ಮುನ್ನ ಓಬಳೇಶನಿಗೆ ತಲೆನೋವು;
ಒಂದು ಮಾತ್ರೆ ಮುರಿದು ಅರ್ಧ ತಾನು ನುಂಗಿ
ಅರ್ಧ ದಾದಾಪೀರನ ಅಂಗೈಗೆ ಇಡುತ್ತಿದ್ದ,
ತಲೆನೋವಿಲ್ಲದ ದಾದಾಪೀರನೂ ನುಂಗುತ್ತಿದ್ದ.

ಆಮೇಲೆ ಕ್ಯಾಸೆಟ್ಟು.
ಫೋಟೋದ ದಿನ ದಾದಾಪೀರ್ ಒಂದು ಮದುವೆಗೆ ಹೋಗಿದ್ದ,
ಅವನ ಜಾಗದಲ್ಲಿ ಡ್ರಮ್ಮು ಇಟ್ಟು ಕ್ಲಿಕ್ಕಿಸಿದರು.
ಕವರ್ ನೋಡಿ ನಕ್ಕ, ಏನೂ ಅನ್ನಲಿಲ್ಲ.
ಅವತ್ತಿನಿಂದ ಮಂಡಕ್ಕಿಯನ್ನು
ಬೇರೆ ಪೇಪರಿನಲ್ಲಿ ಕಟ್ಟಿಸಿಕೊಂಡು ತಿಂದ.
ಪೋಸ್ಟರಿನಲ್ಲಿ ಓಬಳೇಶನ ಹೆಸರು ದಪ್ಪಗಾಯಿತು,
ಸ್ಯಾಮ್ಸನ್ನನ ಸೋಲೋ ಉದ್ದವಾಯಿತು,
ಮುಗಿಯುವಷ್ಟರಲ್ಲಿ ಹೊರಗೆ
ಎರಡು ಬಾಣಲೆ ಮಿರ್ಚಿ ಖಾಲಿ.

ದುರ್ಗದಲ್ಲಿ ಆದದ್ದನ್ನು ನಾನು ಯಾರಿಗೂ ಹೇಳಿಲ್ಲ.
ಕೋಟೆ ಬುಡದ ಬಯಲು. ಊರ ಕಡೆ ಆಸ್ಪತ್ರೆ ಇದೆ,
ಸದ್ದು ಬೇಡ ಅಂದರು ಪೊಲೀಸರು.
ಬಾಕ್ಸುಗಳನ್ನು ಗುಡ್ಡದ ಕಡೆ ತಿರುಗಿಸಿದೆ.
ಓಬಳೇಶ ಆ ಸಂಜೆ ಇಡೀ ಮಾತ್ರೆ ನುಂಗಿದ್ದ.

ಬಂಡೆ ಒಂದೊಂದು ಪೆಟ್ಟನ್ನೂ ವಾಪಸು ಕೊಟ್ಟಿತು,
ಅರ್ಧ ಮಾತ್ರೆ ತಡವಾಗಿ.
ಮೆರವಣಿಗೆಯಲ್ಲಿ ಬೆಳೆದ ಕಿವಿ ದಾದಾಪೀರನದು,
ಹಿಂದೆ ಬರುವವರಿಗಾಗಿ ಕಾಯುತ್ತದೆ.
ಬಂಡೆಗಾಗಿ ಕಾದ. ಸ್ಯಾಮ್ಸನ್ ಕಾಯಲಿಲ್ಲ.
ನಡುವೆ ತಿಪ್ಪೇಶ, ಹೊಳೆ ನಡುವಿನ ಹಸುವಿನ ಹಾಗೆ.
ಓಬಳೇಶ ಹಾಡು ನಿಲ್ಲಿಸಿ ಮೈಕಿನಲ್ಲೇ ಕೇಳಿದ:
"ಯಾವನೋ ಅವನು, ತಪ್ಪು ಬಾರಿಸ್ತಿರೋನು?"
ಯಾವನೋ ಅವನು, ಅಂತು ಬಂಡೆ.
ಜನ ನಕ್ಕರು.

ದಾದಾಪೀರ್ ಎರಡೂ ಕೋಲು ಕೆಳಗಿಟ್ಟು ಎದ್ದ,
ಇಡುವ ಮುನ್ನ ಒಂದು ಪೆಟ್ಟು ಹೊಡೆದಿದ್ದ.
ಅವನು ಮೆಟ್ಟಿಲಿಳಿಯುವಾಗ ಅದು ಮರಳಿ ಬಂತು.
ಸ್ಟೇಜಿನ ಮೇಲಿದ್ದ ಮೂವರೂ ಅತ್ತ ತಿರುಗಿದರು,
ಇನ್ನೊಂದು ಬರಬಹುದು ಅನ್ನುವ ಹಾಗೆ.

ಬಾಕಿ ಕೇಳಲು ಹೋದರೆ ಬಾಕ್ಸಿನ ಮಾತು ಬರುತ್ತದೆ,
ಅದಕ್ಕೇ ಹೋಗಿಲ್ಲ. ಇಪ್ಪತ್ತೇಳು ವರ್ಷ.
ತಿಪ್ಪೇಶ ಅದೇ ದುರ್ಗದ ಗುಡ್ಡದ ಮೇಲೆ
ಗಾಳಿಯಂತ್ರಕ್ಕೆ ಗ್ರೀಸು ಹಚ್ಚಿಸುತ್ತಾನೆ.
ಮದುವೆ ಸೀಸನ್ನಿನಲ್ಲಿ ಕೆಂಪು ಕೋಟಿನವರು
ನನ್ನ ಅಂಗಡಿ ಮುಂದೆಯೇ ಹಾಯುತ್ತಾರೆ;
ಶಟರಿನ ಎದುರು ಬಂದಾಗ ದಾದಾಪೀರ್
ಒಂದು ಪೆಟ್ಟು ತಡೆಹಿಡಿದು ಹೊಡೆಯುತ್ತಾನೆ.
ಗೊತ್ತಿದ್ದೇ ಹಾಗೆ ಮಾಡುತ್ತಾನೋ,
ಮದುಮಗನ ಕುದುರೆ ಅಲ್ಲಿ ಎಡವುತ್ತದೋ.